ಶುಕ್ರವಾರದ ಉಪ್ಪುನೀರು

ಲಂಕಾವಿಗೆ ಹೋಗಿ ಬಂದೆ ಎಂದ ಕೂಡಲೇ ಚೆನ್ನೈಯ ಬೆಸೆಂಟ್ ನಗರದ ನನ್ನ ವಾಕಿಂಗ್ ಗೆಳತಿಯರು ಕೇಳುವುದು ಒಂದೇ ಪ್ರಶ್ನೆ, ಏನೇನು ನೋಡಿದಿರಿ ಎಂದು. ಕೇಬಲ್ ಕಾರು, ತೂಗುಸೇತುವೆ, ಜಲಪಾತ, ಒಂದನ್ನೂ ನಾನು ನೋಡಲಿಲ್ಲ. ಮಲೇಷ್ಯಾದ ಆ ದ್ವೀಪದಲ್ಲಿ ಇಪ್ಪತ್ತೊಂಬತ್ತು ದಿನ ಇದ್ದು ನಾನು ನೋಡಿದ್ದು ಒಂದು ಹಾಯಿದೋಣಿಯ ನೆಲವನ್ನು. ಅದನ್ನೂ ಸರಿಯಾಗಿ ನೋಡದೆ ಮಾಡಿದ ಅನಾಹುತವನ್ನು ಈಗ ಹೇಳುತ್ತೇನೆ.

ನಮ್ಮದು ಟಿ. ನಗರದಲ್ಲಿ ಸಸ್ಯಾಹಾರಿ ಹೋಟೆಲು. ಉಡುಪಿ ಕಡೆಯಿಂದ ಬಂದ ಮಾವನವರು ಶುರು ಮಾಡಿದ್ದು, ಈಗ ನನ್ನ ಯಜಮಾನರು ನಡೆಸುತ್ತಾರೆ. ಒಬ್ಬಳೇ ಮಗಳು ಸುಮ, ಹಲ್ಲಿನ ಡಾಕ್ಟರು. ಅಳಿಯ ಕದಿರ್ ವಡಪಳನಿಯವನು. ಅವನ ಅಪ್ಪ ಸಿನಿಮಾ ಸೆಟ್ಟುಗಳ ಬಡಗಿ, ಮುಂದೆ ಗೋಡೆ ಇದ್ದು ಹಿಂದೆ ಏನೂ ಇಲ್ಲದ ಮನೆಗಳನ್ನು ಕಟ್ಟಿಕೊಂಡು ಬಂದವರು. ಮಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಳಗೆ ನೆಲವೇ ಇಲ್ಲದ ಮನೆ ಕೊಂಡ. ಗಂಡ ಹೆಂಡತಿ ಇಬ್ಬರೂ ಇದ್ದ ಫ್ಲ್ಯಾಟು ಮಾರಿ, ಒಬ್ಬ ಮುದಿ ಆಸ್ಟ್ರೇಲಿಯಾದವನಿಂದ ಹಳೆಯ ಹಾಯಿದೋಣಿ ತೆಗೆದುಕೊಂಡರು. ಸುಮ ತನ್ನ ಕ್ಲಿನಿಕ್ಕನ್ನು ಗೆಳತಿಯೊಬ್ಬಳ ಕೈಗೆ ಕೊಟ್ಟು ಹೊರಟೇಬಿಟ್ಟಳು. ಸುದ್ದಿ ಕೇಳಿದ ದಿನ ನಾನು ದೋಸೆಹಿಟ್ಟಿಗೆ ಎರಡು ಸಲ ಉಪ್ಪು ಹಾಕಿದ್ದೆ.

ಏಳು ತಿಂಗಳಾದರೂ ಅವರು ಲಂಕಾವಿಯ ಒಂದೇ ಜಾಗದಲ್ಲಿ ಕಟ್ಟಿಹಾಕಿಕೊಂಡು ನಿಂತಿದ್ದರು. ಮೊದಲು ಎಂಜಿನ್ನಿನ ಯಾವುದೋ ಭಾಗ ಬರಬೇಕಿತ್ತು, ಆಮೇಲೆ ಗಾಳಿ ತಿರುಗಬೇಕಿತ್ತು. ಇನ್ನು ಮೂರು ವಾರಕ್ಕೆ ಹೊರಟು ಇಂಡೋನೇಷ್ಯಾದ ದ್ವೀಪಗಳಿಗೆ, ಅಲ್ಲಿಂದ ಆಚೆಗೆ, ಎಷ್ಟು ವರ್ಷಕ್ಕೆಂದು ದೇವರಿಗೇ ಗೊತ್ತು. ಕ್ಲಿನಿಕ್ಕಿನ ಗೆಳತಿಯೂ ತಿಂಗಳ ಕೊನೆಯೊಳಗೆ ಒಂದು ಮಾತು ಹೇಳಿಬಿಡು ಎಂದು ಪಟ್ಟು ಹಿಡಿದಿದ್ದಳು, ವಾಪಸು ಬರುತ್ತೀಯೋ, ನಾನೇ ಇಟ್ಟುಕೊಳ್ಳಲೋ ಎಂದು.

"ಹತ್ತು ದಿನ ಇದ್ದು ಬುದ್ಧಿ ಹೇಳಿ ಕರ್ಕೊಂಡು ಬಾ," ಎಂದರು ಯಜಮಾನರು. ಹೋಟೆಲು ಬಿಟ್ಟು ಅವರು ಮದುವೆಗೂ ಹೋಗುವವರಲ್ಲ. ಹಾಗಾಗಿ ನಾನೊಬ್ಬಳೇ ಹೊರಟೆ. ಪೆಟ್ಟಿಗೆಯಲ್ಲಿ ಸಾರಿನ ಪುಡಿ, ಹಪ್ಪಳ, ಫಿಲ್ಟರ್ ಕಾಫಿಪುಡಿ ಮತ್ತು ಒಂದು ದೊಡ್ಡ ಪೊಟ್ಟಣ ಕಲ್ಲುಪ್ಪು ಇದ್ದವು.

ಮೊದಲ ದಿನ, ಹಲಗೆಯ ಬೀದಿ

ಮರೀನಾ ಎಂದರೆ ಚೆನ್ನೈಯವರಾದ ನಮಗೆ ಸುಂಡಲ್ ತಿನ್ನುತ್ತ ಮರಳಲ್ಲಿ ಕೂರುವ ಬೀಚು. ಅಲ್ಲಿ ಮರೀನಾ ಎಂದರೆ ದೋಣಿಗಳ ಲೇಔಟು. ನೀರಿನ ಮೇಲೆ ತೇಲುವ ಹಲಗೆಯ ಬೀದಿಗಳು, ಎರಡೂ ಕಡೆ ಸೈಟು ಹಂಚಿದ ಹಾಗೆ ದೋಣಿಗಳು, ಒಂದೊಂದು ದೋಣಿಗೆ ಒಂದೊಂದು ನಲ್ಲಿ, ಒಂದೊಂದು ಕರೆಂಟಿನ ಪೆಟ್ಟಿಗೆ. ಬೀದಿಗೆ ಕಾಲಿಟ್ಟೆ. ಬೀದಿಯೇ ಅಲ್ಲಾಡಿತು! "ಅಯ್ಯೋ ದೇವರೇ!" ಎಂದು ಕೂಗಿ ಅಳಿಯನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದೆ.

"ಪಯಪ್ಪಡಾದೀಂಗ ಅತ್ತೆ, ಒಣ್ಣುಮ್ ಆಗಾದು," ಎಂದ ಕದಿರ್. ಹೆದರಬೇಡಿ, ಏನೂ ಆಗುವುದಿಲ್ಲ ಎನ್ನುವುದು ಅವನು ಬಾಯಿ ತೆರೆದರೆ ಬರುವ ಮಾತು. ಫ್ಲ್ಯಾಟು ಮಾರುವಾಗಲೂ ಅದನ್ನೇ ಹೇಳಿದ್ದ.

ಪಕ್ಕದ ದೋಣಿಯ ಮೇಲೆ ನನಗಿಂತ ಹತ್ತು ವರ್ಷ ದೊಡ್ಡವಳಾದ ಹೆಂಗಸೊಬ್ಬಳು ಎರಡು ಚೂರು ಬಟ್ಟೆಯಲ್ಲಿ ನಿಂತು ಗಂಡನ ತಲೆಗೂದಲು ಕತ್ತರಿಸುತ್ತಿದ್ದಳು. ಕೂದಲು ಗಾಳಿಗೆ ಹಾರಿ ಇನ್ನೊಬ್ಬರ ಒಣಹಾಕಿದ ಬಟ್ಟೆಗೆ ಅಂಟುತ್ತಿತ್ತು. ಆಕೆ ನನ್ನತ್ತ ಕತ್ತರಿ ಬೀಸಿ "ಹಲೋ" ಎಂದಳು. ನಾನು ಆಕಾಶ ನೋಡುತ್ತ ಹಲೋ ಎಂದೆ. ಆಚೆ ಒಂದು ನೀರುನಾಯಿ ಸಂಸಾರ ಯಾರದೋ ದೋಣಿಯ ಹಿಂಭಾಗದಲ್ಲಿ ಕುಳಿತು ಮೀನು ತಿಂದು, ಅಲ್ಲೇ ಗಲೀಜು ಮಾಡಿ, ರಾಜಾರೋಷವಾಗಿ ನೀರಿಗಿಳಿಯಿತು. ಯಾರೂ ಕಲ್ಲು ತೆಗೆದುಕೊಳ್ಳಲಿಲ್ಲ.

ಇನ್ನೊಂದು ಆಘಾತ, ಅಲ್ಲಿ ಯಾರಿಗೂ ಮನೆತನದ ಹೆಸರಿಲ್ಲ. ದೋಣಿಯ ಹೆಸರೇ ಎಲ್ಲರ ಹೆಸರು. ನಮ್ಮವರ ದೋಣಿಯ ಹೆಸರು ಮಾರ್ಗರೆಟ್, ಆ ಆಸ್ಟ್ರೇಲಿಯಾದವನ ತೀರಿಹೋದ ಹೆಂಡತಿಯ ಹೆಸರಂತೆ, ಬದಲಿಸಿದರೆ ಅಪಶಕುನವಂತೆ. ಹಾಗಾಗಿ ಸಂಜೆಯೊಳಗೆ ನಾನು ಇಡೀ ಬೀದಿಗೆ "ಮಾರ್ಗರೆಟ್ ಮಮ್ಮಾ" ಆಗಿದ್ದೆ. ನಲವತ್ತು ವರ್ಷ ಹೋಟೆಲ್ ರಾಯರ ಹೆಂಡತಿಯಾಗಿ ಬಾಳಿದ್ದು ಒಂದೇ ದಿನಕ್ಕೆ ಹೋಯಿತು.

ನನಗೆ ಈ ಹೆಸರು ಇಟ್ಟವನು ಎದುರು ದೋಣಿಯ ಪೀಟರ್. ಡಚ್ಚರವನು, ಎಪ್ಪತ್ತು ದಾಟಿದ ಒಣಕಲು ಮನುಷ್ಯ. ಜಗತ್ತು ಸುತ್ತಲು ಹೊರಟವನು ಇಲ್ಲಿ ಎರಡು ವಾರಕ್ಕೆಂದು ನಿಂತು ಒಂಬತ್ತು ವರ್ಷವಾಗಿದೆ. "ಮುಂದಿನ ತಿಂಗಳು ಹೊರಡುತ್ತೇನೆ," ಎಂದು ನನಗೂ ಹೇಳಿದ. ಅವನ ದೋಣಿಯ ಹಗ್ಗದ ಮೇಲೆ ಹಕ್ಕಿ ಗೂಡು ಕಟ್ಟಿತ್ತು.

ಒಂದು ವಿಷಯದಲ್ಲಿ ಮಾತ್ರ ಖುಷಿಯಾಯಿತು. ಅಲ್ಲಿ ಎಲ್ಲರೂ ಚಪ್ಪಲಿಯನ್ನು ಹಲಗೆಯ ಮೇಲೆ ಬಿಟ್ಟೇ ದೋಣಿ ಹತ್ತುತ್ತಾರೆ. ನಮ್ಮ ಮನೆ ಬಾಗಿಲಿನ ಹಾಗೆಯೇ ಸಾಲು ಚಪ್ಪಲಿ. "ನೋಡು, ಇವರಿಗೂ ಮಡಿ ಉಂಟು!" ಎಂದೆ.

"ಮಡಿಯೆಲ್ಲ ಇಲ್ಲಮ್ಮಾ, ಡೆಕ್ ಸ್ಕ್ರ್ಯಾಚ್ ಆಯಿಡುಂ," ಎಂದಳು ಸುಮ, ದೋಣಿಯ ಮೇಲ್ಹಲಗೆಗೆ ಗೀರು ಬೀಳುತ್ತದಂತೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಬರುವಾಗ ಮಾತ್ರ ತಮಿಳೋ ಇಂಗ್ಲಿಷೋ ಆಗಿ ಬರುತ್ತದೆ, ಕೆ.ಜಿ. ಸೇರಿದಾಗಿನಿಂದ ಹಾಗೆಯೇ.

ಮೂರನೇ ದಿನ, ಶುಕ್ರವಾರ

ದೋಣಿಯ ಒಳಗೆ ಎಂದರೆ ನಮ್ಮ ಹೋಟೆಲಿನ ಸಾಮಾನಿನ ಕೋಣೆಯಷ್ಟೇ ಜಾಗ. ಅದರಲ್ಲೇ ಮಲಗುವುದು, ಅದರಲ್ಲೇ ತೂಗಾಡುವ ಸ್ಟೌವಿನಲ್ಲಿ ಅಡುಗೆ. ನೆಲ ಮಾತ್ರ ನೋಡಲು ಚಂದ, ನುಣುಪಾದ ತೇಗದ ಹಲಗೆ. ಆದರೆ ಅದನ್ನು ಇವರಿಬ್ಬರೂ ಒರೆಸುವುದು ಒಂದು ಒದ್ದೆ ಬಟ್ಟೆಚೂರಿನಲ್ಲಿ, ಕನ್ನಡಕ ಒರೆಸುವ ಹಾಗೆ!

ನಾನು ಹೋಟೆಲಿನವಳು. ನಮ್ಮಲ್ಲಿ ಬೆಳಿಗ್ಗೆ ಮೊದಲ ಕೆಲಸ, ಬಕೆಟ್‌ಗಟ್ಟಲೆ ನೀರು ಹೊಯ್ದು ನೆಲವನ್ನು ಪೊರಕೆಯಲ್ಲಿ ಬಳಿದು ತೂತಿಗೆ ತಳ್ಳುವುದು. ಮನೆಯಲ್ಲಾದರೆ ಶುಕ್ರವಾರ ಆ ನೀರಿಗೆ ಒಂದು ಹಿಡಿ ಕಲ್ಲುಪ್ಪು ಬೀಳಲೇಬೇಕು. ಮನೆಗೆ ತಾಗಿದ ದೃಷ್ಟಿ ಉಪ್ಪಿನ ಜೊತೆ ಹೊರಗೆ ಹೋಗುತ್ತದೆ. ಇದನ್ನು ನಾನು ಮದುವೆಯಾಗಿ ಮದ್ರಾಸಿಗೆ ಬಂದ ವಾರವೇ ಪಕ್ಕದ ಮನೆಯ ತಮಿಳು ಮಾಮಿಯಿಂದ ಕಲಿತದ್ದು. ಇವತ್ತಿನವರೆಗೆ ಒಂದು ಶುಕ್ರವಾರವನ್ನೂ ಬಿಟ್ಟಿಲ್ಲ.

ಆ ಶುಕ್ರವಾರ ಮಗಳು ಅಳಿಯ ಇಬ್ಬರೂ ಪೇಟೆಗೆ ಹೋಗಿದ್ದರು. ನಾನು ಸೆರಗು ಸಿಕ್ಕಿಸಿಕೊಂಡು ನೆಲ ಪರೀಕ್ಷಿಸಿದೆ. ನೋಡುತ್ತೇನೆ, ಹಲಗೆಗಳಲ್ಲಿ ಅಲ್ಲಲ್ಲಿ ಹಿತ್ತಾಳೆಯ ಬಳೆ ಹಾಕಿದ ತೂತುಗಳು, ಬೆರಳು ಹೋಗುವಷ್ಟು. ನೀರು ಹೋಗಲು ತೂತು! ಕಟ್ಟಿದವನು ಪುಣ್ಯಾತ್ಮ ಎಂದುಕೊಂಡೆ. ಹೊರಗಿನ ನಲ್ಲಿಯಿಂದ ಒಂದು ಬಕೆಟ್ ನೀರು ತಂದು, ಉಪ್ಪು ಕರಗಿಸಿ, ನೆಲಕ್ಕೆ ಹೊಯ್ದು ಬಳಿದೆ. ನೀರು ಗುಳುಗುಳು ಎಂದು ತೂತಿಗೆ ಇಳಿಯಿತು. ಸ್ವಲ್ಪ ಹೊತ್ತಿಗೆ ಕೆಳಗೆಲ್ಲೋ ಗುರ್ರ್ ಎಂದು ಮೋಟಾರು ಓಡಿದ ಸದ್ದು. ಮೇಲೆ ಹೋಗಿ ನೋಡಿದರೆ ದೋಣಿಯ ಪಕ್ಕೆಯಿಂದ ನೀರು ಸಮುದ್ರಕ್ಕೆ ಚಿಮ್ಮುತ್ತಿದೆ. ಎಂಥ ಅಚ್ಚುಕಟ್ಟು ವ್ಯವಸ್ಥೆ! ನಮ್ಮ ಕಾರ್ಪೊರೇಷನ್ನಿನವರು ಬಂದು ಕಲಿಯಬೇಕು ಎಂದುಕೊಂಡೆ.

ಒಂದು ಬಟ್ಟೆ ಹಾಕಿ ಒರೆಸಿದೆ. ಅವರು ಬರುವಷ್ಟರಲ್ಲಿ ನೆಲ ಒಣಗಿ ಹೊಳೆಯುತ್ತಿತ್ತು. ಕದಿರ್ ಬಂದವನೇ "ಸೂಪರ್ ಅತ್ತೆ" ಎಂದ. ಹೇಗೆ ಒರೆಸಿದಿರಿ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆರನೇ ದಿನ, ಕಂಬದ ತುದಿ

ಬೆಳಿಗ್ಗೆ ಕಾಫಿ ಲೋಟ ಹಿಡಿದು ಮೇಲೆ ಬಂದರೆ ಮಗಳು ಕಾಣಿಸಲಿಲ್ಲ. ಕದಿರ್ ಒಬ್ಬನೇ ನಿಂತು, ಬಾವಿಯಿಂದ ನೀರು ಸೇದುವವನ ಹಾಗೆ ಹಗ್ಗ ಎಳೆಯುತ್ತಿದ್ದ. ಹಗ್ಗದ ಇನ್ನೊಂದು ತುದಿ ಎಲ್ಲಿ ಎಂದು ಕಣ್ಣೆತ್ತಿದೆ. ಹಾಯಿ ಕಟ್ಟುವ ಕಂಬದ ನೆತ್ತಿಯಲ್ಲಿ, ಐದು ಮಹಡಿಯ ಎತ್ತರದಲ್ಲಿ, ಒಂದು ಬಟ್ಟೆಯ ಚೀಲದಲ್ಲಿ ಕುಳಿತು ನನ್ನ ಮಗಳು ನೇತಾಡುತ್ತಿದ್ದಾಳೆ!

ಲೋಟ ಕೈಯಿಂದ ಜಾರಿ ಸಮುದ್ರಕ್ಕೆ ಬಿತ್ತು. "ಇಳಿಸೋ ಅವಳನ್ನು! ಎಂತ ಮನುಷ್ಯ ನೀನು, ಹೆಂಡತಿಯನ್ನು ಕಂಬಕ್ಕೆ ಏರಿಸುದಾ?" ಎಂದು ಕಿರುಚಿದೆ. ಇಡೀ ಬೀದಿಯ ತಲೆಗಳು ದೋಣಿಗಳಿಂದ ಹೊರಬಂದವು.

"ಅಮ್ಮಾ, ಕತ್ತಾದೇ! ಲೈಟ್ ಚೇಂಜ್ ಪಣ್ರೇನ್!" ಎಂದು ಮೇಲಿನಿಂದ ಕೂಗು ಬಂತು.

ಕೂಗಬೇಡ ಎಂದರೆ ನಾನು ಇನ್ನೇನು ಮಾಡಲಿ? ಅವಳು ಇಳಿಯುವ ತನಕ ದೇವರನ್ನು ನೆನೆಯುತ್ತ ಕಣ್ಣು ಮುಚ್ಚಿ ಕುಳಿತೆ. ಕಾಲು ತಾಗಿದ ಸದ್ದಿಗೆ ಕಣ್ಣು ತೆರೆದೆ. ಮುಖವೆಲ್ಲ ಬಿಸಿಲಿಗೆ ಕೆಂಪಾಗಿ, ಕೈಗೆ ಗ್ರೀಸು ಮೆತ್ತಿಕೊಂಡು, ನಗುತ್ತಿದ್ದಳು. ಎಲಿಯಟ್ಸ್ ಬೀಚಿನ ರಾಟವಾಳದಿಂದ ಇಳಿದು ಇನ್ನೊಂದು ರೌಂಡು ಎಂದು ಹಟ ಹಿಡಿಯುತ್ತಿದ್ದ ಒಂಬತ್ತು ವರ್ಷದ ಸುಮಳ ನಗು ಅದು. ಕ್ಲಿನಿಕ್ಕಿನಲ್ಲಿದ್ದ ಎಂಟು ವರ್ಷ ಈ ನಗುವನ್ನು ನಾನು ನೋಡಿಯೇ ಇರಲಿಲ್ಲ, ಅಲ್ಲಿ ಅವಳು ಬೇರೆಯವರ ಹಲ್ಲು ನೋಡುವುದರಲ್ಲೇ ಇದ್ದಳು. ಬುದ್ಧಿ ಹೇಳುವುದನ್ನು ಅವತ್ತಿಗೆ ಮುಂದೂಡಿ, ಅವಳಿಗೂ ಒಂದು ಕಾಫಿ ಬೆರೆಸಿದೆ.

ಹತ್ತನೇ ದಿನ, ಮತ್ತೆ ಶುಕ್ರವಾರ

ಮರುದಿನ ನನ್ನ ವಿಮಾನ. ಬೆಳಿಗ್ಗೆ ಇವರಿಬ್ಬರೂ ಸ್ನಾನಕ್ಕೆ ದಡದ ಕಡೆ ಹೋದಾಗ ಶುಕ್ರವಾರದ ಕೆಲಸ ಮುಗಿಸಿ ದೋಸೆ ಹುಯ್ಯುತ್ತಿದ್ದೆ. ಎದುರಿನಿಂದ ಪೀಟರ್ ಕೂಗಿಕೊಳ್ಳುತ್ತ ಓಡಿಬಂದ. ಚಪ್ಪಲಿ ಕೂಡ ಬಿಡದೆ ಒಳಗೆ ನುಗ್ಗಿ, ನೆಲದ ಹಿತ್ತಾಳೆಯ ತೂತಿಗೆ ಬೆರಳು ಹಾಕಿ ಹಲಗೆಯನ್ನೇ ಎತ್ತಿಬಿಟ್ಟ. ಕೆಳಗೆ ನೀರು!

ಅಷ್ಟರಲ್ಲಿ ಸುಮ, ಕದಿರ್ ಒದ್ದೆ ತಲೆಯಲ್ಲೇ ಬಂದರು. "ನಿಮ್ಮ ಪಂಪು ನೀರು ಉಗುಳುವುದನ್ನು ನಾನು ಕಣ್ಣಾರೆ ನೋಡಿದೆ," ಎಂದ ಪೀಟರ್. ಆಮೇಲೆ ಅವನು ಮಾಡಿದ್ದನ್ನು ನೆನೆದರೆ ಈಗಲೂ ಹೋಗಿ ಬಾಯಿ ಮುಕ್ಕಳಿಸುತ್ತೇನೆ. ದೋಣಿಯ ಅಡಿಹೊಟ್ಟೆಯ ಆ ಕಪ್ಪು ನೀರಿಗೆ ಬೆರಳು ಅದ್ದಿ, ಆ ಬೆರಳನ್ನು ಬಾಯಲ್ಲಿ ಇಟ್ಟುಕೊಂಡ! ನಾನು ದೋಸೆ ಸಟ್ಟುಗ ಹಿಡಿದು ಕಲ್ಲಾದೆ.

"ಉಪ್ಪು," ಎಂದ.

ಕದಿರನೂ ನೆಕ್ಕಿದ. ನನ್ನ ಮಗಳು, ಒಬ್ಬೊಬ್ಬ ರೋಗಿಗೂ ಕೈ ತೊಳೆಯುವ ಹಲ್ಲಿನ ಡಾಕ್ಟರು, ಅವಳೂ ನೆಕ್ಕಿದಳು. ಮೂವರ ಮುಖವೂ ಒಟ್ಟಿಗೆ ಬಾಡಿಹೋಯಿತು.

ಸುಮ ನನಗೆ ಬಿಡಿಸಿ ಹೇಳಿದಳು. ಕೆಳಗಿನ ನೀರು ಸಿಹಿಯಾದರೆ ಕುಡಿಯುವ ನೀರಿನ ಟ್ಯಾಂಕು ಸೋರಿದೆ ಎಂದರ್ಥ, ಸುಲಭ. ಉಪ್ಪಾದರೆ ಸಮುದ್ರ ಒಳಗೆ ಬರುತ್ತಿದೆ. ದೋಣಿ ಎಲ್ಲೋ ಒಡೆದಿದೆ.

ನಾನು ಹತ್ತು ದಿನ ನಿದ್ದೆ ಮಾಡಿದ್ದು ಒಡೆದ ದೋಣಿಯಲ್ಲಿ! ನನ್ನ ಬಕೆಟ್ಟಿನ ನೆನಪು ನನಗೆ ಬರಲೇ ಇಲ್ಲ, ಆಣೆಯಿಟ್ಟು ಹೇಳುತ್ತೇನೆ. ನನ್ನ ಲೆಕ್ಕದಲ್ಲಿ ನಾನು ಹೊಯ್ದ ನೀರು ಆಗಲೇ ಪಕ್ಕೆಯಿಂದ ಹೊರಗೆ ಹೋಗಿತ್ತು. ಇದು ಬೇರೆ ನೀರು, ಸಮುದ್ರದ್ದು. ಇವರಿಗೆ ಯಾರದೋ ಕೆಟ್ಟ ಕಣ್ಣು ಬಿದ್ದಿದೆ ಎಂಬುದರಲ್ಲಿ ನನಗೆ ಸಂಶಯವೇ ಉಳಿಯಲಿಲ್ಲ.

ವಿಮಾನದ ಟಿಕೆಟ್ಟು ಮುಂದೂಡಿಸಿದೆ. ಇಂಥ ಹೊತ್ತಲ್ಲಿ ಮಗಳನ್ನು ಬಿಟ್ಟು ಹೋಗುವುದು ಹೇಗೆ?

ಹದಿನೇಳನೇ ದಿನ

ಆ ಮರೀನಾದಲ್ಲಿ ಬೆಳಿಗ್ಗೆ ಎಂಟಕ್ಕೆ ಎಲ್ಲ ದೋಣಿಗಳ ರೇಡಿಯೋ ಒಟ್ಟಿಗೆ ಮಾತಾಡುತ್ತದೆ. ನಡೆಸುವವನು ಪೀಟರ್. ಇವತ್ತು ಗಾಳಿ ಎಷ್ಟು, ಯಾರ ಹತ್ತಿರ ಹೆಚ್ಚಿನ ಸೌತೆಕಾಯಿ ಇದೆ, ಯಾರಿಗೆ ಹೊಲಿಗೆ ಮೆಷಿನ್ನು ಬೇಕು, ಎಲ್ಲ ಅದರಲ್ಲಿ. ನೀರು ಸಿಕ್ಕಿದ ಮರುದಿನ, ಶನಿವಾರದ ಸುದ್ದಿಯಲ್ಲಿ ಮೊದಲನೆಯದು: "ಮಾರ್ಗರೆಟ್ ಸೋರುತ್ತಿದ್ದಾಳೆ." ನಮ್ಮ ಮನೆಯ ಸಂಕಟವನ್ನು ಹೀಗೆ ಮೈಕಿನಲ್ಲಿ ಹೇಳುತ್ತಾರಲ್ಲ ಎಂದು ನಾನು ನಾಚಿಕೆಯಿಂದ ಕುಗ್ಗಿದೆ. ಹತ್ತು ನಿಮಿಷದಲ್ಲಿ ಆರು ಜನ ಟಾರ್ಚು ಹಿಡಿದು ಬಂದರು. ತಲೆಗೂದಲು ಕತ್ತರಿಸುತ್ತಿದ್ದ ಆ ಹೆಂಗಸು, ಪುಣ್ಯಕ್ಕೆ ಮೈತುಂಬ ಬಟ್ಟೆ ಹಾಕಿಕೊಂಡು, ಒಂದು ಕೇಕು ತಂದಳು. ಟಿ. ನಗರದಲ್ಲಿ ನಮ್ಮ ಅಡುಗೆಕೋಣೆಯ ಪೈಪು ಒಡೆದ ದಿನ ಪಕ್ಕದ ಸೀರೆ ಅಂಗಡಿಯವರು ಬಂದದ್ದು ಜಗಳಕ್ಕೆ.

ಪೀಟರ್ ಅಡಿಹೊಟ್ಟೆಯನ್ನೆಲ್ಲ ಒರೆಸಿ, ಉದ್ದಕ್ಕೂ ಟಿಶ್ಯೂ ಕಾಗದ ಹಾಸಿದ. ಎಲ್ಲಿ ಒದ್ದೆಯಾಗುತ್ತದೋ ಅಲ್ಲಿ ತೂತು. ಸೋಮವಾರ ಒಣ, ಮಂಗಳವಾರ ಒಣ. ಗುರುವಾರದ ತನಕವೂ ಕಾಗದ ಗರಿಗರಿ ಎನ್ನುತ್ತಿತ್ತು. ಎಲ್ಲರೂ ಉಸಿರು ಬಿಟ್ಟರು. ಶುಕ್ರವಾರ ಬೆಳಿಗ್ಗೆ ಇಬ್ಬರೂ ಸ್ನಾನಕ್ಕೆ ಹೋದಾಗ ನಾನು ದೃಷ್ಟಿ ಪೂರ್ತಿ ಕಳೆಯಲಿ ಎಂದು ಒಂದರ ಬದಲು ಮೂರು ಹಿಡಿ ಉಪ್ಪು ಹಾಕಿ, ಮನಸ್ಸಿನಲ್ಲೇ ಪ್ರಾರ್ಥಿಸುತ್ತ, ಎರಡು ಬಕೆಟ್ ನೀರು ಹೊಯ್ದು ಬಳಿದೆ.

ಮಧ್ಯಾಹ್ನ ಕದಿರ್ ಹಲಗೆ ಎತ್ತಿದ. ಕಾಗದವೆಲ್ಲ ಗಂಜಿ! ನೀರು ಮೊದಲಿಗಿಂತ ಉಪ್ಪು!

ಪೀಟರ್ ತಲೆ ತುರಿಸಿಕೊಂಡ. ಯಾವಾಗಲೋ ಒಮ್ಮೆ ಬಾಯಿ ಬಿಡುವ ಬಿರುಕು, ಇದು ಎಲ್ಲಕ್ಕಿಂತ ಕೆಟ್ಟದ್ದು ಎಂದ. "ನೀರಿನಿಂದ ಮೇಲೆತ್ತಿ ನೋಡಿ. ಹೀಗೇ ಹೊರಟರೆ ನಾನು ನಿಮ್ಮ ಹಗ್ಗ ಬಿಚ್ಚಿಕೊಡುವುದಿಲ್ಲ."

ಕಾಂಕ್ರೀಟಿನ ಮೇಲೆ

ಮನೆಯನ್ನು ಕ್ರೇನಿನಲ್ಲಿ ಎತ್ತುವುದನ್ನು ನೀವು ನೋಡಿದ್ದೀರಾ? ಮಂಗಳವಾರ ನಾನು ನೋಡಿದೆ. ಎರಡು ದೊಡ್ಡ ಪಟ್ಟಿ ಹಾಕಿ ಮಾರ್ಗರೆಟ್ಟನ್ನು ಎತ್ತಿ, ನೀರು ತೊಟ್ಟಿಕ್ಕುತ್ತಿರುವಾಗಲೇ ದಡಕ್ಕೆ ತಂದು, ಕಾಂಕ್ರೀಟಿನ ಮೇಲೆ ಊರುಗೋಲು ಕೊಟ್ಟು ನಿಲ್ಲಿಸಿದರು. ಒಳಗೆ ನನ್ನ ಸಾರಿನ ಪಾತ್ರೆ ಹಾಗೆಯೇ ಇತ್ತು. ಸರಿ, ಇನ್ನು ಹೋಟೆಲಿನಲ್ಲಿ ರೂಮು ಮಾಡುತ್ತಾರೆ ಎಂದುಕೊಂಡರೆ, ಕದಿರ್ ದೋಣಿಗೆ ಒಂದು ಏಣಿ ಒರಗಿಸಿ "ವಾಂಗ ಅತ್ತೆ" ಎಂದು ಹತ್ತಲು ಕರೆದ. ಅದರಲ್ಲೇ ವಾಸವಂತೆ! ಅರವತ್ತೆರಡನೇ ವಯಸ್ಸಿನಲ್ಲಿ ಸೀರೆ ಬಿಟ್ಟು ಮಗಳ ಪೈಜಾಮ ಹಾಕಿಕೊಂಡು ಏಣಿ ಹತ್ತಿ ಮನೆಗೆ ಹೋಗುವವಳಾದೆ. ಯಜಮಾನರಿಗೆ ಫೋನಿನಲ್ಲಿ ಏಣಿಯ ವಿಷಯ ಹೇಳಿದೆ, ಪೈಜಾಮದ ವಿಷಯ ಹೇಳಲಿಲ್ಲ.

ಮೂರು ದಿನ ಇಬ್ಬರೂ ದೋಣಿಯ ಹೊಟ್ಟೆಯನ್ನು ಸುತ್ತಿಗೆಯಿಂದ ಇಂಚಿಂಚು ತಟ್ಟಿ ಕಿವಿಗೊಟ್ಟರು. ಕೆರೆದರು, ಒರೆಸಿದರು, ಬಣ್ಣದ ನೀರು ಹಚ್ಚಿದರು. ಒಂದು ಕೂದಲೆಳೆಯ ಬಿರುಕೂ ಸಿಗಲಿಲ್ಲ. ಗುರುವಾರ ಸಂಜೆ ಇಬ್ಬರೂ ದೋಣಿಯ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತಿದ್ದರು. ಕದಿರ್ ಮೊಟ್ಟಮೊದಲ ಬಾರಿಗೆ "ಒಣ್ಣುಮ್ ಆಗಾದು" ಎನ್ನಲಿಲ್ಲ.

"ಎಲ್ಲಿ ಅಂತ ಗೊತ್ತಾಗದೆ ಹೋಗೋಕೆ ಆಗಲ್ಲ ಅತ್ತೆ," ಎಂದ, ನನಗಾಗಿ ಕಷ್ಟಪಟ್ಟು ಕನ್ನಡ ಜೋಡಿಸಿ. "ಮಾರ್ತೀವಿ. ಸೋಮವಾರ ಒಬ್ಬರು ನೋಡೋಕೆ ಬರ್ತಾರೆ."

"ಕ್ಲಿನಿಕ್ಕಿಗೆ ಭಾನುವಾರ ಫೋನ್ ಪಣ್ಣಿಡ್ರೇನ್ ಮಾ," ಎಂದಳು ಸುಮ. "ಹ್ಯಾಪಿಯಾ?"

ನಿಜ ಹೇಳುತ್ತೇನೆ, ನನಗೆ ಸಂತೋಷವಾಯಿತು. ಬಂದ ಕೆಲಸ ತಾನಾಗಿ ಆಗಿತ್ತು. ಆ ಹೊತ್ತಿಗೆ ನಾನು ಮನಸ್ಸಿನಲ್ಲಿ ಅವರಿಗೆ ಬೆಸೆಂಟ್ ನಗರದಲ್ಲಿ ಬಾಡಿಗೆ ಮನೆ ಹುಡುಕಿ ಮುಗಿಸಿದ್ದೆ.

ಮರುದಿನ ಶುಕ್ರವಾರ. ಇಬ್ಬರೂ ಆಫೀಸಿಗೆ ಕಾಗದಪತ್ರಕ್ಕೆಂದು ಹೋಗಿದ್ದರು. ಮಾರುವ ಮನೆಯಾದರೂ ಗಲೀಜಾಗಿ ಕೊಡಬಾರದಲ್ಲ! ಕೆಳಗಿನ ನಲ್ಲಿಯಲ್ಲಿ ಬಕೆಟ್ ತುಂಬಿಸಿ, ಹಗ್ಗ ಕಟ್ಟಿ ಬಾವಿಯಿಂದ ಸೇದಿದ ಹಾಗೆ ಮೇಲೆಳೆದು, ಉಪ್ಪು ಹಾಕಿ, ನೆಲಕ್ಕೆ ಹೊಯ್ದು ತೂತಿಗೆ ಬಳಿದೆ. ಪೊರಕೆ ಒಣಗಿಸಲು ಏಣಿ ಇಳಿದೆ. ತಲೆಯ ಮೇಲೆ ಗುರ್ರ್ ಎಂದಿತು.

ಮಾರ್ಗರೆಟ್ಟಿನ ಪಕ್ಕೆಯಿಂದ ನೀರು ಚಿಮ್ಮಿ ನನ್ನ ಕಾಲ ಬಳಿ ಬಿತ್ತು. ಕಾದ ಕಾಂಕ್ರೀಟಿನ ಮೇಲೆ ಹರಿಯಿತು. ನಾನು ಆ ನೀರು ನೋಡಿದೆ, ದೋಣಿ ನೋಡಿದೆ. ಸಮುದ್ರ ಅಲ್ಲೆಲ್ಲೋ ದೂರದಲ್ಲಿತ್ತು. ಒಣನೆಲದಲ್ಲಿ ನಿಂತ ದೋಣಿಯೊಳಗೆ ಯಾವ ಸಮುದ್ರ ಬಂದೀತು? ಬಗ್ಗಿ, ಬೆರಳು ಅದ್ದಿ, ಬಾಯಲ್ಲಿಟ್ಟುಕೊಂಡೆ.

ಉಪ್ಪು. ಬೆಸೆಂಟ್ ನಗರದ ಅಂಗಡಿಯ ಉಪ್ಪು.

ಅಲ್ಲೇ ಕುಕ್ಕರಿಸಿದೆ. ಟಾರ್ಚು ಹಿಡಿದು ಬಂದ ಆರು ಜನ, ಕೇಕು, ಕ್ರೇನು, ಸುತ್ತಿಗೆಯ ಮೂರು ದಿನ, ಎಲ್ಲ ನನ್ನ ಒಂದು ಬಕೆಟ್ಟು. ಹತ್ತು ನಿಮಿಷದ ಬಿಸಿಲಿಗೆ ಕಾಂಕ್ರೀಟು ಒಣಗಿತು. ಬಿಳಿಯ ಒಂದು ಕಲೆ ಉಳಿಯಿತು. ಯಾರೂ ನೋಡಿರಲಿಲ್ಲ.

ಯಜಮಾನರಿಗೆ ಫೋನು ಮಾಡಿದೆ. ಎಲ್ಲ ಹೇಳಿದೆ. ಹಿಂದೆ ಹೋಟೆಲಿನ ತಟ್ಟೆಗಳ ಸದ್ದು ಕೇಳುತ್ತಿತ್ತು.

"ಹಲೋ? ಕೇಳ್ತಾ ಉಂಟಾ?"

"ಕೇಳ್ತಾ ಉಂಟು ಮಾರಾಯ್ತಿ." ತಟ್ಟೆಗಳ ಸದ್ದು ದೂರವಾಯಿತು. "ಹೇಳಿದ್ರೆ ಹೊರಡ್ತಾರೆ. ಹೇಳದಿದ್ರೆ ಬರ್ತಾರೆ. ಅಷ್ಟೇ ಅಲ್ವಾ?"

"ಅಷ್ಟೇ."

"ನಿನಗೆ ಬಿಟ್ಟದ್ದು," ಎಂದು ಫೋನಿಟ್ಟರು. ಸಾಂಬಾರಿನಲ್ಲಿ ಒಂದು ಕೂದಲು ಸಿಕ್ಕರೆ ಇಡೀ ಹಂಡೆ ಚೆಲ್ಲಿಸಿ, ತಿಂದವರ ಹತ್ತಿರ ತಾನೇ ಹೋಗಿ ಹೇಳಿ ಕೈಮುಗಿಯುವ ಮನುಷ್ಯ. ಇದನ್ನು ಮಾತ್ರ ನನ್ನ ತಲೆಗೆ ಕಟ್ಟಿದರು.

ಭಾನುವಾರ, ಎಂಟಕ್ಕೆ ಮೊದಲು

ಶನಿವಾರ ಪೂರ್ತಿ ನಾನು ಬಾಯಿ ಮುಚ್ಚಿಕೊಂಡಿದ್ದೆ. ಹೇಳುತ್ತೇನೆ, ಊಟವಾಗಲಿ. ಹೇಳುತ್ತೇನೆ, ಕಾಫಿಯಾಗಲಿ. ಸುಮ ಅತ್ತಿದ್ದರೆ, ರೇಗಿದ್ದರೆ ಬಹುಶಃ ನಾನು ಸುಮ್ಮನೇ ಇದ್ದುಬಿಡುತ್ತಿದ್ದೆ, ನಾಲ್ಕು ದಿನಕ್ಕೆ ಸರಿಹೋಗುತ್ತಾಳೆ ಎಂದು. ಅವಳು ಅಳಲಿಲ್ಲ. ಕೈಯ ಗ್ರೀಸನ್ನು ಉಗುರುಸಂದಿಯಿಂದ ತಿಕ್ಕಿ ತಿಕ್ಕಿ ತೆಗೆದಳು. ತಲೆ ಬಿಗಿಯಾಗಿ ಬಾಚಿ ಕ್ಲಿಪ್ಪು ಹಾಕಿದಳು. ನಾನು ಏನು ಕೇಳಿದರೂ "ಸರಿ ಅಮ್ಮಾ" ಎಂದಳು. ಬಾಡಿಗೆ ಮನೆ ನೋಡಲಾ? ಸರಿ ಅಮ್ಮಾ. ಇನ್ನೊಂದು ದೋಸೆ? ಸರಿ ಅಮ್ಮಾ. ಎಂಟು ವರ್ಷ ಕ್ಲಿನಿಕ್ಕಿನಿಂದ ಮನೆಗೆ ಬಂದು ಅವಳು ಹೀಗೆಯೇ ಮಾತಾಡುತ್ತಿದ್ದಳು. ನಾನು ಅದನ್ನು ಒಳ್ಳೆಯ ಗುಣ ಎಂದುಕೊಂಡಿದ್ದೆ.

ಭಾನುವಾರ ಬೆಳಿಗ್ಗೆ ಅವಳು ಕ್ಲಿನಿಕ್ಕಿಗೆ ಫೋನು ಮಾಡಲು ಮೊಬೈಲು ಕೈಗೆತ್ತಿಕೊಂಡಾಗ ನಾನು ಬಕೆಟ್ ಎತ್ತಿಕೊಂಡೆ.

"ಫೋನ್ ಇಡು. ನಿಮ್ಮ ತೂತು ಎಲ್ಲಿ ಉಂಟು ಅಂತ ತೋರಿಸ್ತೇನೆ," ಎಂದೆ. ಇಬ್ಬರೂ ನೋಡುತ್ತಿರುವಾಗಲೇ ಉಪ್ಪಿನ ಪೊಟ್ಟಣ ತೆಗೆದು, ಒಂದು ಹಿಡಿ ಹಾಕಿ, ನೆಲಕ್ಕೆ ಹೊಯ್ದು, ಪೊರಕೆಯಲ್ಲಿ ತೂತಿಗೆ ಬಳಿದೆ. ಕೆಳಗೆ ಪಂಪು ಗುರ್ರ್ ಎಂದಿತು.

ಕದಿರ್ ಒಮ್ಮೆ ನೆಲ ನೋಡಿದ, ಒಮ್ಮೆ ನನ್ನನ್ನು ನೋಡಿದ. "ಅತ್ತೆ," ಎಂದ, "ಅದು ಹಲಗೆ ಎತ್ತೋಕೆ ಬೆರಳು ಹಾಕೋ ತೂತು." ಅಷ್ಟು ಹೇಳಿ ನೆಲದ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದು ನಗತೊಡಗಿದ. ಕಣ್ಣಲ್ಲಿ ನೀರು ಬರುವ ತನಕ ನಕ್ಕ.

ಸುಮ ನಗಲಿಲ್ಲ.

"ಯಾವಾಗ ಗೊತ್ತಾಯ್ತು?" ಎಂದು ಕೇಳಿದಳು, ಕನ್ನಡದಲ್ಲೇ.

"ಶುಕ್ರವಾರ."

"ಇವತ್ತು ಭಾನುವಾರ ಅಮ್ಮ."

"ಹೌದು. ಎರಡು ದಿನ ಹೇಳಲಿಲ್ಲ. ನೀನು ಮನೆಗೆ ಬರ್ತಿ ಅಂತ ಹೇಳಲಿಲ್ಲ. ಬೈಯುದಾದ್ರೆ ಬೈ."

ಅವಳು ಬೈಯಲಿಲ್ಲ. ಬಂದು, ನನ್ನ ಕೈಯಿಂದ ಪೊರಕೆ ತೆಗೆದುಕೊಂಡು ಮೂಲೆಗಿಟ್ಟು, ನನ್ನ ಹೆಗಲ ಮೇಲೆ ಮುಖವಿಟ್ಟಳು. ಅಷ್ಟು ದಿನ ಬಾರದ ಅಳು ಆಗ ಬಂತು, ಇಬ್ಬರಿಗೂ.

ಪೀಟರನಿಗೆ ವಿಷಯ ತಿಳಿದಾಗ ಅವನು ಗಡಿಯಾರ ನೋಡಿದ, ಎಂಟಾಗುತ್ತ ಬಂದಿತ್ತು. ಆಮೇಲೆ, ಸೋರುವುದನ್ನು ಎಲ್ಲರಿಗೂ ಹೇಳಿದ್ದೇವೆ, ಸಿಕ್ಕಿದ್ದನ್ನೂ ಹೇಳಬೇಕು, ಇದು ಇಲ್ಲಿಯ ಪದ್ಧತಿ ಎಂದು ರೇಡಿಯೋ ನನ್ನ ಬಾಯಿಗೇ ಹಿಡಿದ. ನನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ಹೇಳಿದೆ: ಗುಡ್ ಮಾರ್ನಿಂಗ್, ನಾನು ಮಾರ್ಗರೆಟ್ ಮಮ್ಮಾ, ದೋಣಿಯಲ್ಲಿ ತೂತಿಲ್ಲ, ಸೋರಿದ್ದು ನಾನೇ. ಸುತ್ತಲಿನ ದೋಣಿಗಳಿಂದ ಎದ್ದ ನಗುವನ್ನು ಕೇಳಲು ರೇಡಿಯೋ ಬೇಕಾಗಲಿಲ್ಲ.

ಮಂಗಳವಾರ ಮಾರ್ಗರೆಟ್ ನೀರಿಗಿಳಿಯಿತು. ಬುಧವಾರ ನಾನು ವಿಮಾನ ಹತ್ತಿದೆ. ಉಳಿದ ಅರ್ಧ ಪೊಟ್ಟಣ ಉಪ್ಪನ್ನು ಅಡುಗೆಗೆ ಇರಲಿ ಎಂದು ದೋಣಿಯಲ್ಲೇ ಬಿಟ್ಟೆ. ಪೀಟರ್ ಅವರ ಹಗ್ಗ ಬಿಚ್ಚಿಕೊಟ್ಟದ್ದು ಗುರುವಾರವಂತೆ, ನಾನು ನೋಡಲಿಲ್ಲ.

ಬೆಸೆಂಟ್ ನಗರ

ನಾನು ಬರಿಗೈಯಲ್ಲಿ ಬಂದೆ. ಮೊದಲ ದಿನ ಯಜಮಾನರು ತಾವೇ ಕಾಫಿ ಬೆರೆಸಿ ಕೊಟ್ಟರು. ನಾನು ಮಾಡಿದ್ದು ಅವರಿಗೆ ಒಪ್ಪಿಗೆ ಎಂದು ಅಷ್ಟರಲ್ಲೇ ನನಗೆ ಅರ್ಥವಾಯಿತು.

ಸಮುದ್ರದಲ್ಲಿ ಫೋನು ಸಿಗುವುದಿಲ್ಲ. ಯಾವುದಾದರೂ ದ್ವೀಪದ ಹತ್ತಿರ ಹೋದಾಗ ಮಾತ್ರ ಒಂದು ಸಂದೇಶ ಬರುತ್ತದೆ. ಮೊದಲ ವಾರ ಒಂದು ಬಂತು, ಆಮೇಲೆ ಹನ್ನೊಂದು ದಿನ ಏನೂ ಇಲ್ಲ. ಎಲಿಯಟ್ಸ್ ಬೀಚಿನಲ್ಲಿ ನಡೆಯುವಾಗ ಅಲೆ ಸ್ವಲ್ಪ ದೊಡ್ಡದಾದರೂ ನಾನು ನಿಂತು ಮೊಬೈಲು ತೆಗೆದು ನೋಡುತ್ತಿದ್ದೆ. ದೋಣಿ ನಿಜವಾಗಿಯೂ ಸೋರಿದರೆ? ಹೋಗಿ ಎಂದು ಕಳಿಸಿದವಳು ನಾನೇ ಅಲ್ಲವೇ?

ಹೋದ ಶುಕ್ರವಾರ ಬೆಳಿಗ್ಗೆ ನೆಲ ಒರೆಸುತ್ತಿದ್ದೆ. ಮೊಬೈಲು ಟಣ್ ಎಂದಿತು. ಒದ್ದೆ ಕೈಯಲ್ಲೇ ತೆಗೆದೆ. ಸುಮ ಒಂದು ಫೋಟೋ ಕಳಿಸಿದ್ದಳು. ಮಾರ್ಗರೆಟ್ಟಿನ ಹಲಗೆ ಎತ್ತಿದೆ, ಅಡಿಯಲ್ಲಿ ನೀರು ಹೊಳೆಯುತ್ತಿದೆ. ಕೆಳಗೆ ಎರಡೇ ಮಾತು: ನೆಕ್ಕಿ ನೋಡಿದೆ. ಉಪ್ಪು.

"ಕೇಳಿದ್ರಾ! ಬನ್ನಿ ಇಲ್ಲಿ!" ಎಂದು ಯಜಮಾನರನ್ನು ಕೂಗಿದೆ. ಅವರು ಓಡಿಬರುವಷ್ಟರಲ್ಲಿ ಮೊಬೈಲು ಇನ್ನೊಮ್ಮೆ ಟಣ್ ಎಂದಿತು. ಓದಿದೆ. ಬಕೆಟ್ಟಿನ ಪಕ್ಕದಲ್ಲೇ, ಒದ್ದೆ ನೆಲದ ಮೇಲೆ ಕುಳಿತುಬಿಟ್ಟೆ.

"ಶುಕ್ರವಾರ ಅಲ್ವಾ ಅಮ್ಮ. ಒರೆಸಿದ್ದು ನಾನೇ."